ಅಂಧ ವಿದ್ಯಾರ್ಥಿಯೂ ಗಣಿತದ ನಕ್ಷೆಯೂ

ಎಸ್.ಎಸ್.ಎಲ್.ಸಿ. ಪರೀಕ್ಷೆಯ ವೇಳಾಪಟ್ಟಿಯನ್ನು ಮಕ್ಕಳಿರುವ ಮನೆಯವರೆಲ್ಲರೂ ನೋಡಿಯೇ ಇರುತ್ತಾರೆ. ಅದನ್ನು ಗೋಡೆಗೆ ಅಂಟಿಸಿ, ಗಣಿತಕ್ಕೆ ಮುಂಚೆ ಎಷ್ಟು ದಿನ ಬಿಡುವು ದೊರೆಯಿತೆಂದು ಎಣಿಸದ ಮನೆ ಅಪರೂಪ. ಆದರೆ ಈಚಿನ ವರ್ಷಗಳ ಆ ಪಟ್ಟಿಯಲ್ಲಿ ‘ಗಣಿತ’ ಎಂಬ ಪದದ ಮಗ್ಗುಲಲ್ಲಿಯೇ ‘ಸಮಾಜಶಾಸ್ತ್ರ’ ಎಂಬ ಇನ್ನೊಂದು ಪದವಿರುವುದನ್ನು ಗಮನಿಸಿದವರು ಎಷ್ಟು ಮಂದಿ? ‘ವಿಜ್ಞಾನ’ದ ಮಗ್ಗುಲಲ್ಲಿ ‘ರಾಜ್ಯಶಾಸ್ತ್ರ’. ಅದರ ಬೆನ್ನಿಗೇ ಹಿಂದುಸ್ತಾನಿ ಸಂಗೀತ, ಕರ್ನಾಟಕ ಸಂಗೀತ. ಇದು ಮುದ್ರಾರಾಕ್ಷಸನ ಚೇಷ್ಟೆಯಲ್ಲ. ಅಂಧರೇ ಮೊದಲಾದ ಅಂಗವೈಕಲ್ಯವುಳ್ಳ ಬಾಲಕ ಬಾಲಿಕೆಯರು ಕಷ್ಟವಾದ ವಿಷಯಗಳನ್ನು ಬಿಟ್ಟು ಬೇರೆ ವಿಷಯಗಳಲ್ಲಿ ಪರೀಕ್ಷೆ ಕೊಡಬಹುದೆಂಬ ರಿಯಾಯಿತಿ. ಒಂದೇ ದಿನ, ಒಂದೇ ಗಂಟೆಯಲ್ಲಿ, ಕಣ್ಣುಳ್ಳ ಹುಡುಗನು ಪರವಲಯವನ್ನು ಎಳೆಯುತ್ತಿರುವಾಗ ಕಣ್ಣಿಲ್ಲದ ಹುಡುಗನು ಕುಟುಂಬಪದ್ಧತಿಯ ಲಕ್ಷಣಗಳನ್ನು ಹೇಳಿ ಬರೆಯಿಸುತ್ತಿರಬಹುದು.

ಈ ಏರ್ಪಾಡು ಕರುಣೆಯಿಂದ ಹುಟ್ಟಿತೆಂಬುದರಲ್ಲಿ ಸಂದೇಹವಿಲ್ಲ. ಅದರ ಅಪಾಯವೂ ಅಲ್ಲಿಯೇ ಇದೆ. ಕ್ರೌರ್ಯದಿಂದ ಮುಚ್ಚಿದ ಬಾಗಿಲನ್ನು ತಟ್ಟುವವರು ಹುಟ್ಟುತ್ತಾರೆ. ಕರುಣೆಯಿಂದ ಮುಚ್ಚಿದ ಬಾಗಿಲಿಗೆ ವಂದಿಸಿ ಹಿಂದಿರುಗುವವರೇ ಹೆಚ್ಚು. ಹದಿನೈದು ವರ್ಷದ ಮಗುವಿಗೆ, ಅದರ ತಾಯಿತಂದೆಗಳಿಗೆ, ‘ಗಣಿತ ಬೇಡ, ಸುಲಭವಾದದ್ದನ್ನು ತೆಗೆದುಕೊಳ್ಳಿ’ ಎಂದರೆ ಅವರು ಉಪಕಾರವಾಯಿತೆಂದೇ ಭಾವಿಸುತ್ತಾರೆ. ಆ ಉಪಕಾರದ ಬೆಲೆ ಮರುವರ್ಷ ತಿಳಿಯುತ್ತದೆ. ಗಣಿತ ವಿಜ್ಞಾನಗಳಿಲ್ಲದೆ ತೇರ್ಗಡೆಯಾದವನಿಗೆ ಪಾಲಿಟೆಕ್ನಿಕ್ಕಿನ ಡಿಪ್ಲೊಮಾ ಇಲ್ಲ. ವಿಜ್ಞಾನದ ಓದು ದೂರವಾಯಿತು. ಯಂತ್ರ, ಗಣಕ, ಸಂಖ್ಯಾಶಾಸ್ತ್ರಗಳ ದಾರಿ ಅಲ್ಲಿಗೇ ಕಡಿಯಿತು. ಹೋಗಲಿ, ಅಂಧ ಪದವೀಧರರಲ್ಲಿ ಎಷ್ಟೋ ಮಂದಿ ಆಸೆಯಿಟ್ಟಿರುವ ಬ್ಯಾಂಕಿನ ಗುಮಾಸ್ತಿಕೆಗಾದರೂ ಅಂಕಗಣಿತದ ಪರೀಕ್ಷೆ ತಪ್ಪುವುದೆ? ಹದಿನೈದರಲ್ಲಿ ಬಿಡಿಸಿದ ಲೆಕ್ಕವು ಇಪ್ಪತ್ತೆರಡರಲ್ಲಿ ಬಡ್ಡಿಸಹಿತ ಎದುರಾಗುತ್ತದೆ.

ಹಾಗಾದರೆ ಗಣಿತದಲ್ಲಿ ಅಂಧ ವಿದ್ಯಾರ್ಥಿಗೆ ಅಡ್ಡಬಂದದ್ದು ಏನು? ಸಂಖ್ಯೆಯಲ್ಲ. ಎಣಿಕೆ, ಗುಣಾಕಾರ, ಭಾಗಾಕಾರಗಳಿಗೆ ಟೈಲರ್ ಚೌಕಟ್ಟು ಎಂಬ ಸಾಧನವು ಅಂಧರ ಶಾಲೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಎಂಟು ಮೂಲೆಗಳ ರಂಧ್ರಗಳುಳ್ಳ ಹಲಗೆ. ಒಂದು ತುದಿಯಲ್ಲಿ ಏಣು, ಇನ್ನೊಂದು ತುದಿಯಲ್ಲಿ ಜೋಡಿ ಮೊನೆಗಳುಳ್ಳ ಲೋಹದ ಅಚ್ಚುಮೊಳೆ. ಒಂದೊಂದು ತುದಿಯನ್ನೂ ಎಂಟು ದಿಕ್ಕಿಗೆ ತಿರುಗಿಸಿ ನಿಲ್ಲಿಸಿದರೆ 16 ಸಂಕೇತಗಳಾಗುತ್ತವೆ. ಹತ್ತು ಅಂಕಿಗಳೂ ಕೂಡು-ಕಳೆ ಚಿಹ್ನೆಗಳೂ ಅದರಲ್ಲಿಯೇ ಅಡಕ. ಮಣಿಚೌಕಟ್ಟಿನ ಮೇಲೆ ಕಣ್ಣುಳ್ಳವರಿಗಿಂತ ಬೇಗನೆ ಕೂಡುವ ಅಂಧ ಮಕ್ಕಳೂ ಇಲ್ಲದಿಲ್ಲ. ಅಡ್ಡಬಂದದ್ದು ‘ಚಿತ್ರ ನೋಡಿ’ ಎಂಬ ಎರಡು ಮಾತುಗಳು. ಹತ್ತನೆಯ ತರಗತಿಯ ಗಣಿತದಲ್ಲಿ ತ್ರಿಭುಜ, ವೃತ್ತ, ನಿರ್ದೇಶಾಂಕ, ಸಮೀಕರಣಗಳ ನಕ್ಷೆ ಎಲ್ಲವೂ ಆ ಎರಡು ಮಾತುಗಳ ಮೇಲೆ ನಿಂತಿವೆ. ಬರಹವನ್ನಷ್ಟೇ ಬ್ರೈಲಿಗೆ ಇಳಿಸಿ ಚಿತ್ರವನ್ನು ಕೈಬಿಟ್ಟರೆ ಉಳಿಯುವುದು ತಿರುಳಿಲ್ಲದ ಸಿಪ್ಪೆ. ಆ ಸಿಪ್ಪೆಯನ್ನು ಕೊಟ್ಟು, ಮಗು ಅದನ್ನು ಜೀರ್ಣಿಸಿಕೊಳ್ಳಲಾರದಾದಾಗ, ‘ನೋಡಿರಿ, ಇವರಿಗೆ ಗಣಿತ ಒಗ್ಗದು’ ಎಂದು ತೀರ್ಪು ಕೊಡುವುದು ಯಾವ ನ್ಯಾಯ?

ಈ ತೀರ್ಪಿನ ಹಿಂದೆ ಒಂದು ಹಳೆಯ ನಂಬಿಕೆಯಿದೆ. ರೇಖೆ, ಕೋನ, ಇಳಿಜಾರು, ದೂರ ಇವೆಲ್ಲ ಕಣ್ಣಿನ ಸೊತ್ತು. ಕಣ್ಣಿಲ್ಲದವನಿಗೆ ದೇಶದ ಕಲ್ಪನೆಯೇ ಇಲ್ಲ ಎಂಬುದು. ಯಶವಂತಪುರದಿಂದ ಯಲಹಂಕಕ್ಕೆ ಹೋಗುವ ಬಸ್ಸಿನಲ್ಲಿ ದಿನವೂ ಓಡಾಡುವ ಅಂಧ ಪ್ರಯಾಣಿಕನನ್ನು ಕೇಳಿದರೆ ಇದರ ಟೊಳ್ಳುತನ ತಿಳಿದೀತು. ಬಸ್ಸು ಹೆಬ್ಬಾಳದ ಮೇಲುಸೇತುವೆಯನ್ನು ಏರುವಾಗ ಬೆನ್ನು ಹಿಂದಕ್ಕೆ ಒರಗುವುದು, ಬಾಗಿನಲ್ಲಿ ತಿರುಗುವಾಗ ಭುಜವು ಪಕ್ಕದವನಿಗೆ ತಾಗುವುದು, ಇಳಿಯುವಾಗ ಎದೆ ಮುಂದಕ್ಕೆ ಜಗ್ಗುವುದು — ಇಳಿಜಾರಿನ ಅಳತೆ, ವಕ್ರರೇಖೆಯ ಬಾಗು ಆತನ ಮೈಗೆ ಗೊತ್ತು. ಗೊತ್ತಿಲ್ಲದ್ದು ಅದನ್ನು ಕಾಗದದ ಮೇಲೆ ಕಟ್ಟುವ ಸಂಪ್ರದಾಯ ಮಾತ್ರ. ಆ ಸಂಪ್ರದಾಯವನ್ನು ಹೇಳಿಕೊಡುವುದೇ ಶಾಲೆಯ ಕೆಲಸ. ಅದೇ ಹೆಬ್ಬಾಳದಲ್ಲಿ ದೊರೆತ ಕಿತ್ತಯ್ಯನ ವೀರಗಲ್ಲಿನ ಶಾಸನವು ಸುಮಾರು ಕ್ರಿ.ಶ. 750ರದೆಂದು ವಿದ್ವಾಂಸರು ಹೇಳುತ್ತಾರೆ. ಬೆಂಗಳೂರಿನ ಅತಿ ಹಳೆಯ ಕನ್ನಡ ಬರಹಗಳಲ್ಲಿ ಒಂದಾದ ಅದು ಬೆರಳಿಗೂ ಸಿಕ್ಕುವ ಬರಹವೆಂಬುದನ್ನು ಇಲ್ಲಿ ನೆನೆಯಬಹುದು. ಹಿಂದಿನ ಕೂಲಿಮಠಗಳಲ್ಲಿ ಮಗು ಅಕ್ಷರವನ್ನು ಮೊದಲು ಕಲಿತದ್ದೂ ಮರಳಿನ ಮೇಲೆ ತೋರುಬೆರಳಿನಿಂದ ತಿದ್ದಿಯೇ. ಕಣ್ಣು ಮಾತ್ರ ಓದಬಲ್ಲುದೆಂಬುದು ಅಚ್ಚಿನ ಪುಸ್ತಕ ಬಂದಮೇಲೆ ಅಂಟಿದ ಭ್ರಮೆ.

ಕಣ್ಣಿಲ್ಲದವರು ಗಣಿತದಲ್ಲಿ ಏನು ಮಾಡಿದ್ದಾರೆಂದು ಕೇಳುವವರಿಗೆ ಉತ್ತರವು ಮುನ್ನೂರು ವರ್ಷಗಳಷ್ಟು ಹಳೆಯದು. ಇಂಗ್ಲೆಂಡಿನ ನಿಕೊಲಸ್ ಸಾಂಡರ್ಸನ್ 1682ರಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ಸಿಡುಬಿನಿಂದ ಎರಡು ಕಣ್ಣುಗಳನ್ನೂ ಕಳೆದುಕೊಂಡವನು. 1711ರಲ್ಲಿ ಅವನು ಕೇಂಬ್ರಿಜ್ಜಿನಲ್ಲಿ ನ್ಯೂಟನ್ ಅಲಂಕರಿಸಿದ್ದ ಪೀಠಕ್ಕೇ ಪ್ರಾಧ್ಯಾಪಕನಾಗಿ ಬಂದನು. ಬೆಳಕಿನ ಶಾಸ್ತ್ರವನ್ನು ಸಹ ಕಣ್ಣುಳ್ಳವರಿಗೆ ಪಾಠಹೇಳಿದನು. ಅವನ ಬಳಿ ರಂಧ್ರಗಳುಳ್ಳ ಒಂದು ಹಲಗೆಯಿದ್ದಿತು. ದೊಡ್ಡ ತಲೆಯ, ಚಿಕ್ಕ ತಲೆಯ ಗುಂಡುಸೂಜಿಗಳನ್ನು ಚುಚ್ಚಿ ಲೆಕ್ಕ ಮಾಡುತ್ತಿದ್ದನು. ಸೂಜಿಯಿಂದ ಸೂಜಿಗೆ ದಾರ ಸುತ್ತಿ ರೇಖಾಗಣಿತದ ಆಕೃತಿಗಳನ್ನು ಕಟ್ಟುತ್ತಿದ್ದನು. ಇಂದು ಯಾವುದು ‘ಸ್ಪರ್ಶನಕ್ಷೆಯ ಸಾಮಗ್ರಿ’ ಎಂಬ ದೊಡ್ಡ ಹೆಸರಿನಿಂದ ಮಾರಾಟವಾಗುತ್ತಿದೆಯೋ ಅದರ ಮೂಲ ಅದೇ. ರಷ್ಯದ ಪೊಂತ್ರ್ಯಾಗಿನ್ ಹದಿನಾಲ್ಕನೆಯ ವಯಸ್ಸಿನಲ್ಲಿ ಒಲೆ ಸಿಡಿದು ಕುರುಡನಾದನು. ಗಣಿತವರಿಯದ ಅವನ ತಾಯಿ, ಚಿಹ್ನೆಗಳಿಗೆ ‘ಬಾಲ ಮೇಲೆ’, ‘ಬಾಲ ಕೆಳಗೆ’ ಎಂದು ತನ್ನದೇ ಹೆಸರಿಟ್ಟು ಗ್ರಂಥಗಳನ್ನು ಓದಿಹೇಳಿದಳು. ಮಗನು ಶತಮಾನದ ದೊಡ್ಡ ಗಣಿತಜ್ಞರಲ್ಲಿ ಒಬ್ಬನಾದನು. ಅಮೆರಿಕದ ಏಬ್ರಹಾಂ ನೆಮೆತ್‌ನ ಕಥೆಯಂತೂ ಕರ್ನಾಟಕದ ವೇಳಾಪಟ್ಟಿಗೆ ಕನ್ನಡಿ ಹಿಡಿದಂತಿದೆ. ಹುಟ್ಟುಕುರುಡನಾದ ಆತನಿಗೆ ಹಿತೈಷಿಗಳು ಗಣಿತ ಬೇಡವೆಂದರು. ಅವನು ಮನಶ್ಶಾಸ್ತ್ರ ಓದಿ ಪದವಿಗಳನ್ನು ಪಡೆದನು. ಅದರಿಂದ ತಕ್ಕ ಕೆಲಸ ದೊರೆಯದೆ ಗಣಿತಕ್ಕೇ ಹಿಂದಿರುಗಿ ಡೆಟ್ರಾಯಿಟಿನಲ್ಲಿ ಮೂವತ್ತು ವರ್ಷ ಪಾಠಹೇಳಿದನು. ಬ್ರೈಲಿನಲ್ಲಿ ಗಣಿತ ಬರೆಯುವ ಸಂಕೇತಪದ್ಧತಿಯೊಂದು 1952ರಿಂದ ಆತನ ಹೆಸರಿನಲ್ಲಿಯೇ ನಡೆಯುತ್ತಿದೆ. ಗಣಿತಕ್ಕೆ ಪ್ರತಿಯಾಗಿ ಅಲ್ಲಿ ಮನಶ್ಶಾಸ್ತ್ರ, ಇಲ್ಲಿ ಸಮಾಜಶಾಸ್ತ್ರ. ಹಿತೈಷಿಗಳ ಸ್ವಭಾವ ಎಲ್ಲೆಲ್ಲಿಯೂ ಒಂದೇ.

ಮಹಾಪುರುಷರ ಮಾತು ಹೇಗಾದರೂ ಇರಲಿ. ಸಾಧಾರಣ ಮಗುವಿನ ಗತಿಯೇನು ಎಂಬ ಪ್ರಶ್ನೆ ಯೋಗ್ಯವಾದುದೇ. ಅದಕ್ಕೆ ಸಾಮಗ್ರಿಯನ್ನೇ ಮುಂದಿಟ್ಟು ಉತ್ತರ ಹೇಳಬೇಕು.

ಒಂದು ಹಲಗೆ, ಅದರ ಮೇಲೆ ದಪ್ಪ ರಬ್ಬರಿನ ಹಾಸು, ಹಾಸಿನ ಮೇಲೆ ಬೆರಳಿಗೆ ತಿಳಿಯುವಂತೆ ಉಬ್ಬಿದ ಚೌಕಗಳು, ನಡುವೆ ಒಂದು ಅಡ್ಡ, ಒಂದು ನಿಂತ ಅಕ್ಷ, ಇವು ಉಳಿದ ಗೆರೆಗಳಿಗಿಂತ ತುಸು ಎತ್ತರ. ಒಂದು ಹಿಡಿ ಗುಂಡುಸೂಜಿ, ಕೆಲವು ರಬ್ಬರ್ ಬಳೆಗಳು. ಎರಡು ಸಂಖ್ಯೆಗಳ ಮೊತ್ತ 5, ಅವುಗಳ ವ್ಯತ್ಯಾಸ 1, ಸಂಖ್ಯೆಗಳು ಯಾವುವು? ಮೊತ್ತದ ರೇಖೆಗೆ ಅಡ್ಡ ಅಕ್ಷದಲ್ಲಿ 5ರ ಮೇಲೆ ಒಂದು ಸೂಜಿ, ನಿಂತ ಅಕ್ಷದಲ್ಲಿ 5ರ ಮೇಲೆ ಇನ್ನೊಂದು. ಎರಡಕ್ಕೂ ಬಳೆಯನ್ನು ಬಿಗಿದರೆ ರೇಖೆಯಾಯಿತು. ವ್ಯತ್ಯಾಸದ ರೇಖೆಗೆ ಅಡ್ಡಕ್ಕೆ 1, ಮೇಲಕ್ಕೆ ಸೊನ್ನೆಯಿರುವೆಡೆ ಒಂದು ಸೂಜಿ. ಅಡ್ಡಕ್ಕೆ 5, ಮೇಲಕ್ಕೆ 4 ಇರುವೆಡೆ ಮತ್ತೊಂದು. ಮಗು ಒಂದು ಬಳೆಯ ಗುಂಟ ಬೆರಳಾಡಿಸುತ್ತ ಬರುತ್ತದೆ. ಇನ್ನೊಂದು ಬಳೆ ಅಡ್ಡ ಸಿಕ್ಕುತ್ತದೆ. ಅಲ್ಲಿಂದ ಕೆಳಕ್ಕೆ ಚೌಕ ಎಣಿಸಿದರೆ 2, ಎಡಕ್ಕೆ ಎಣಿಸಿದರೆ 3. ಉತ್ತರ ಬೆರಳ ತುದಿಯಲ್ಲಿದೆ. ಈಗ ಎರಡನೆಯ ಬಳೆಯನ್ನು ತೆಗೆದು, ಮೊತ್ತ 7 ಎಂಬ ರೇಖೆಯನ್ನು ಕಟ್ಟಿಸಿದರೆ, ಎಷ್ಟು ದೂರ ಹೋದರೂ ಬಳೆಗಳು ಒಂದನ್ನೊಂದು ಮುಟ್ಟವು; ಪರಿಹಾರವಿಲ್ಲದ ಸಮೀಕರಣಗಳೆಂದರೇನೆಂದು ಎರಡು ಕೈಗಳೂ ಹೇಳುತ್ತವೆ. ‘ಸಂಖ್ಯೆಗಳ ಎರಡರಷ್ಟನ್ನು ಕೂಡಿದರೆ 10’ ಎಂಬುದನ್ನು ಕಟ್ಟಹೊರಟರೆ, ಹೊಸ ಸೂಜಿಯೇ ಬೇಕಾಗದು. ಬಳೆಯು ಹಳೆಯ ಬಳೆಯ ಮೇಲೆಯೇ ಕೂರುತ್ತದೆ. ಐಕ್ಯವಾಗುವ ರೇಖೆಗಳು, ಅನಂತ ಪರಿಹಾರಗಳು! ಕಣ್ಣುಳ್ಳ ಮಕ್ಕಳು ಈ ಮೂರು ಸಂಗತಿಗಳನ್ನು ಉರುಹೊಡೆಯುತ್ತಾರೆ. ಈ ಹಲಗೆಯನ್ನು ಮುಟ್ಟಿದವನು ಉರುಹೊಡೆಯಬೇಕಾಗಿಲ್ಲ.

ವಕ್ರರೇಖೆಗೆ ಬಾಗುವ ತಂತಿ ಸಾಕು. ಒಂದು ಸಂಖ್ಯೆಯ ವರ್ಗದಿಂದ 4ನ್ನು ಕಳೆಯುವ ಬಹುಪದವನ್ನು ತೆಗೆದುಕೊಳ್ಳಿರಿ. ಬೆರಳು ಎಡದ ಮೇಲಿನಿಂದ ಇಳಿದು, ಅಡ್ಡ ಅಕ್ಷವನ್ನು ಋಣ 2ರಲ್ಲಿ ದಾಟಿ, ನಾಲ್ಕು ಚೌಕ ಕೆಳಗೆ ತಳಮುಟ್ಟಿ, ಮತ್ತೆ ಏರಿ ಧನ 2ರಲ್ಲಿ ಅಕ್ಷವನ್ನು ದಾಟುತ್ತದೆ. ಬಹುಪದದ ಶೂನ್ಯಗಳೆಂದರೆ ಈ ದಾಟುವ ಎಡೆಗಳು. ಇದನ್ನು ವಿವರಿಸಲು ಇನ್ನಾವ ಭಾಷ್ಯ ಬೇಕು?

ಮಗುವೇ ಬರೆಯಬೇಕಾದಾಗ ಬೇರೆ ಉಪಾಯಗಳಿವೆ. ರಬ್ಬರಿನ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನಿಟ್ಟು ಮೊನೆಯಿಂದ ಒತ್ತಿ ಎಳೆದರೆ ಗೆರೆಯು ಎಳೆದ ಬದಿಯಲ್ಲಿಯೇ ಉಬ್ಬುತ್ತದೆ. ಹಲ್ಲುಚಕ್ರವನ್ನು ದಪ್ಪ ಕಾಗದದ ಮೇಲೆ ಉರುಳಿಸುವ ಹಳೆಯ ಕ್ರಮದಲ್ಲಿ ಗೆರೆ ಹಿಂಬದಿಗೆ ಉಬ್ಬುವುದರಿಂದ ಆಕೃತಿ ಎಡಬಲ ತಿರುಗುತ್ತದೆ. ಹಾಳೆಯ ಕ್ರಮಕ್ಕೆ ಆ ತೊಡಕಿಲ್ಲ. ಶಾಖಕ್ಕೆ ಹಿಗ್ಗುವ ಕಾಗದವೊಂದಿದೆ: ಕಪ್ಪು ಮಸಿಯಿರುವ ಕಡೆ ಹೆಚ್ಚು ಶಾಖ ಹೀರಿ ಉಬ್ಬುತ್ತದೆ. ಒಂದು ಮೂಲಪ್ರತಿಯ ಮೇಲೆ ಬಿಸಿ ಪ್ಲಾಸ್ಟಿಕ್ಕನ್ನು ಎಳೆದು ನೂರಾರು ಪ್ರತಿ ತೆಗೆಯುವ ಯಂತ್ರವೂ ಇದೆ. ಯಂತ್ರವಿಲ್ಲದ ಶಾಲೆಗೆ ದಾರ, ಗೋಂದು, ಮರಳುಕಾಗದ, ಹಣೆಗೆ ಅಂಟಿಸುವ ಬೊಟ್ಟು ಇವು ಸಾಲವೆ? ಆರ್.ಟಿ. ನಗರದ ಯಾವ ಬೀದಿಯ ಅಂಗಡಿಯಲ್ಲಿ ಇವು ದೊರೆಯವು? ಚುಕ್ಕಿಯ ರಂಗೋಲಿ ಹಾಕುವ ಮನೆಗಳಲ್ಲಿ ‘ಏಳು ಚುಕ್ಕಿ, ಏಳು ಸಾಲು’ ಎಂದು ಅಜ್ಜಿಯು ಮೊಮ್ಮಗಳಿಗೆ ಹೇಳಿಕೊಡುವುದು ನಿರ್ದೇಶಾಂಕಗಳ ಮೊದಲ ಪಾಠವಲ್ಲದೆ ಮತ್ತೇನು?

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಣ್ಣಿಗಾಗಿ ಅಚ್ಚಾದ ಚಿತ್ರವನ್ನು ಹಾಗೆಯೇ ಉಬ್ಬಿಸಿಕೊಟ್ಟು ಕೈತೊಳೆದುಕೊಳ್ಳುವವರಿದ್ದಾರೆ. ಕಣ್ಣು ಇಡೀ ಹಾಳೆಯನ್ನು ಒಂದೇ ನೋಟಕ್ಕೆ ಹಿಡಿಯುತ್ತದೆ; ಬೆರಳು ತುಂಡುತುಂಡಾಗಿ ಓದಿ ಮನಸ್ಸಿನಲ್ಲಿ ಜೋಡಿಸುತ್ತದೆ. ಬ್ರೈಲಿನ ಎರಡು ಚುಕ್ಕಿಗಳಿಗೇ ಸುಮಾರು ಎರಡೂವರೆ ಮಿಲಿಮೀಟರ್ ಅಂತರ ಬೇಕಾಗಿರುವಾಗ, ಕೂದಲೆಳೆಯಂಥ ಗೆರೆಗಳೂ ಅಕ್ಷರಗಳೂ ಹೆಣೆದುಕೊಂಡ ಚಿತ್ರವು ಬೆರಳಿಗೆ ಮುಳ್ಳುಪೊದೆ. ಚೌಕದ ಗೆರೆ ತಗ್ಗು, ಅಕ್ಷ ಎತ್ತರ, ನಕ್ಷೆಯ ರೇಖೆ ಎಲ್ಲಕ್ಕಿಂತ ಎತ್ತರ. ಬೇಡವಾದದ್ದು ಒಂದೂ ಇರಕೂಡದು. ಈ ವಿವೇಕ ಯಂತ್ರಕ್ಕಿಲ್ಲ, ಉಪಾಧ್ಯಾಯನಿಗೆ ಇರಬೇಕು.

ವಿರುದ್ಧ ಪಕ್ಷದವರು ಹೇಳುವ ಮಾತುಗಳಲ್ಲಿ ಕೆಲವು ಉತ್ತರಕ್ಕೆ ಅರ್ಹವಾಗಿವೆ. ಬೆರಳಿನ ಓದು ನಿಧಾನವೆನ್ನುತ್ತಾರೆ; ನಿಜ. ಪರೀಕ್ಷೆಯ ದಿನ ಅಂಧ ವಿದ್ಯಾರ್ಥಿಗೆ ಹೆಚ್ಚಿನ ಸಮಯ ಕೊಡುವ ನಿಯಮವಿದೆ. ಒಂದು ದಿನದ ಪರೀಕ್ಷೆಗೆ ಕೊಡುವ ಔದಾರ್ಯವನ್ನು ಮೂರು ವರ್ಷದ ಕಲಿಕೆಗೆ ಏಕೆ ಕೊಡಬಾರದು? ಗಣಕಯಂತ್ರವು ನಕ್ಷೆಯನ್ನು ಸ್ವರವಾಗಿ ನುಡಿಸುತ್ತದೆ, ರೇಖೆ ಏರಿದಂತೆ ಶ್ರುತಿ ಏರುತ್ತದೆ, ಹಲಗೆಯ ಕಾಲ ಮುಗಿಯಿತು ಎನ್ನುವವರೂ ಇದ್ದಾರೆ. ಆ ಸಾಧನವೂ ಒಳ್ಳೆಯದೇ. ಆದರೆ ಸ್ವರವು ನುಡಿದೊಡನೆ ಅಳಿಯುತ್ತದೆ. ಬೆರಳು ಮಾತ್ರ ಛೇದನಬಿಂದುವಿಗೆ ಹತ್ತು ಸಲ ಹಿಂದಿರುಗಬಲ್ಲದು. ಕಣ್ಣುಳ್ಳ ಮಕ್ಕಳ ಕೈಯಿಂದ ನಕ್ಷೆಯ ಪುಸ್ತಕವನ್ನು ಕಿತ್ತುಕೊಂಡು ಯಂತ್ರ ತೋರಿಸಿದರೆ ಸಾಕೆಂದು ಯಾರೂ ಹೇಳಿಲ್ಲವಷ್ಟೆ. ಇನ್ನು ಲಿಪಿಕಾರನ ಏರ್ಪಾಡು. ಅಂಧ ವಿದ್ಯಾರ್ಥಿಯು ಬಾಯಲ್ಲಿ ಹೇಳುವ ರೇಖೆಯನ್ನು ಲಿಪಿಕಾರನು ಎಳೆಯಬೇಕಾದರೆ, ಪರೀಕ್ಷಕನು ಅಂಕ ಕೊಡುವುದು ಯಾರ ಕೈಗೆ?

ಇದೆಲ್ಲಕ್ಕಿಂತ ಆಳವಾದ ಕಾರಣವೊಂದಿದೆ; ಹೇಳಲು ಸಂಕೋಚವಾದರೂ ಹೇಳಲೇಬೇಕು. ಅಂಧನೆಂದೊಡನೆ ಕನ್ನಡಿಗನ ಕಣ್ಣಮುಂದೆ ಬರುವುದು ತಂಬೂರಿ. ಇದಕ್ಕೆ ಪುಣ್ಯವಾದ ಹಿನ್ನೆಲೆಯಿದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ (1892–1944) ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914–2010), ತಾವೇ ಅಂಧರಾಗಿದ್ದು, ಬೀದಿಪಾಲಾಗಬೇಕಾಗಿದ್ದ ಎಷ್ಟೋ ಅಂಧ ಮಕ್ಕಳಿಗೆ ಅನ್ನವಿಕ್ಕಿ ಸಂಗೀತವಿತ್ತು ಸಂಸಾರವಂದಿಗರನ್ನಾಗಿ ಮಾಡಿದರು. ಆ ಋಣ ನಾಡು ತೀರಿಸುವಂಥದಲ್ಲ. ಆದರೆ ಅವರು ತಮಗೆ ಬಂದ ವಿದ್ಯೆಯನ್ನು ತಡೆಹಿಡಿಯದೆ ಕೊಟ್ಟರು. ಅವರ ಹೆಸರನ್ನು ಮುಂದಿಟ್ಟುಕೊಂಡು ಉಳಿದ ವಿದ್ಯೆಗಳನ್ನು ತಡೆಹಿಡಿಯುವುದು ಗುರುಭಕ್ತಿಯಲ್ಲ. ವೇಳಾಪಟ್ಟಿಯಲ್ಲಿ ವಿಜ್ಞಾನಕ್ಕೆ ಪ್ರತಿಯಾಗಿ ಸಂಗೀತವನ್ನಿಟ್ಟಾಗ ಸಂಗೀತಕ್ಕೂ ಗೌರವವಾಗಲಿಲ್ಲ. ವಿಜ್ಞಾನ ಬಾರದವರ ಆಶ್ರಯವೆಂದು ಅದನ್ನು ಎಣಿಸಿದಂತಾಯಿತು. ಮೈಸೂರಿನಲ್ಲಿ ಕಿವುಡ ಮತ್ತು ಕುರುಡ ಮಕ್ಕಳ ಶಾಲೆ ಆರಂಭವಾದದ್ದು 1901ರಲ್ಲಿ. ನೂರು ವರ್ಷ ಮೀರಿ ನಡೆದುಬಂದ ಈ ವಿದ್ಯಾಭ್ಯಾಸವು ಇನ್ನೂ ‘ಇವರಿಗೆ ಯಾವುದು ಸಾಕು’ ಎಂಬ ಪ್ರಶ್ನೆಯನ್ನೇ ಕೇಳುತ್ತಿದ್ದರೆ ಹೇಗೆ?

ಕಾನೂನಾದರೂ ಏನು ಹೇಳುತ್ತದೆ? 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 17ನೆಯ ಪ್ರಕರಣವು ಗೊತ್ತಾದ ಪ್ರಮಾಣದ ವೈಕಲ್ಯವುಳ್ಳ ವಿದ್ಯಾರ್ಥಿಗಳಿಗೆ ಹದಿನೆಂಟು ವಯಸ್ಸು ತುಂಬುವವರೆಗೆ ಪುಸ್ತಕ, ಕಲಿಕೆಯ ಸಾಮಗ್ರಿ, ತಕ್ಕ ಸಾಧನಗಳನ್ನು ಉಚಿತವಾಗಿ ಒದಗಿಸಬೇಕೆನ್ನುತ್ತದೆ. ಅದೇ ಪ್ರಕರಣವು ಪಠ್ಯಕ್ರಮದ ಮಾರ್ಪಾಟುಗಳಿಗೆ ಉದಾಹರಣೆ ಕೊಡುವಾಗ ಹೆಚ್ಚಿನ ಸಮಯ, ಲಿಪಿಕಾರನ ಸೌಲಭ್ಯ, ಎರಡನೆಯ ಮೂರನೆಯ ಭಾಷೆಗಳಿಂದ ವಿನಾಯಿತಿ ಇವನ್ನು ಹೆಸರಿಸುತ್ತದೆ. ಗಣಿತದ ಹೆಸರನ್ನು ಎತ್ತಿಲ್ಲ. ಸಾಧನ ಕೊಡುವುದು ಕರ್ತವ್ಯ, ವಿನಾಯಿತಿ ಕೊಡುವುದು ಅನುಕೂಲ. ಕರ್ತವ್ಯವು ಉಳಿದುಹೋಗಿ ಅನುಕೂಲವೇ ಮುಂದಾದರೆ, ಆ ಅನುಕೂಲ ಯಾರದೆಂದು ಕೇಳಬೇಕಾಗುತ್ತದೆ.

ಬಾಗಿಲನ್ನು ತಟ್ಟಿದವರೂ ಇದ್ದಾರೆ. ಆಂಧ್ರದ ಶ್ರೀಕಾಂತ್ ಬೊಳ್ಳ ಅವರು ಹತ್ತನೆಯ ತರಗತಿಯ ನಂತರ ವಿಜ್ಞಾನ ಓದುವ ಅನುಮತಿಗಾಗಿಯೇ ಹೋರಾಡಬೇಕಾಯಿತು. ಮುಂದೆ ಅವರು ಓದಿದ್ದು ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ. ದೆಹಲಿಯ ಕಾರ್ತಿಕ್ ಸಾಹ್ನಿ 2013ರಲ್ಲಿ ಹನ್ನೆರಡನೆಯ ತರಗತಿಯ ವಿಜ್ಞಾನವನ್ನು ಉನ್ನತ ಅಂಕಗಳಿಂದ ಮುಗಿಸಿ ಸ್ಟ್ಯಾನ್‌ಫರ್ಡಿಗೆ ಹೋದರು. ಬೆಂಗಳೂರಿನಲ್ಲಿಯೇ ಹುಟ್ಟಿನಿಂದ ಅಂಧರಾದ ವಿದ್ಯಾ ವೈ. ಎಂಬವರು ಇತರರೊಡನೆ 2017ರಲ್ಲಿ ‘ವಿಷನ್ ಎಂಪವರ್’ ಸಂಸ್ಥೆಯನ್ನು ಕಟ್ಟಿ ಅಂಧ ಮಕ್ಕಳಿಗೆ ಗಣಿತ ವಿಜ್ಞಾನಗಳನ್ನು ತಲಪಿಸುವ ಕೆಲಸಕ್ಕೆ ನಿಂತಿದ್ದಾರೆ. ದೆಹಲಿಯ ಐ.ಐ.ಟಿ.ಯವರು ಪಠ್ಯಪುಸ್ತಕಗಳ ಸ್ಪರ್ಶಚಿತ್ರಗಳನ್ನು ತಯಾರಿಸಿದ್ದಾರೆ. ಆದುದರಿಂದ ಸಾಮಗ್ರಿಯೇ ಇಲ್ಲವೆಂಬ ನೆಪವೂ ಈಗ ಉಳಿದಿಲ್ಲ.

ಬೆಂಗಳೂರಿನ ಉತ್ತರಭಾಗದವರಿಗಂತೂ ಈ ವಿಷಯದಲ್ಲಿ ವಿಶೇಷ ಹೊಣೆಯಿದೆ. ಯಲಹಂಕ ಉಪನಗರದಲ್ಲಿ 2001ರಲ್ಲಿ ಆರಂಭವಾದ ಮಾತೃ ಅಂಧರ ಶಾಲೆಗೆ 2006ರಲ್ಲಿ ಅಮೆರಿಕದ ಕಾರ್ನೆಗಿ ಮೆಲ್ಲನ್ ವಿಶ್ವವಿದ್ಯಾಲಯದವರು ಬಂದು, ಬ್ರೈಲ್ ಬರವಣಿಗೆಯನ್ನು ಕಲಿಸುವ ಯಂತ್ರವೊಂದನ್ನು ಅಲ್ಲಿಯ ಮಕ್ಕಳೊಡನೆ ಪ್ರಯೋಗಿಸಿ ನೋಡಿದರು. ಬ್ರೈಲನ್ನು ಮೊನೆಯಿಂದ ಚುಚ್ಚಿ ಬರೆಯುವಾಗ ಬಲದಿಂದ ಎಡಕ್ಕೆ, ಕನ್ನಡಿಯ ಬಿಂಬದಂತೆ ಬರೆಯಬೇಕು. ತಪ್ಪಾದುದು ಕಾಗದ ತಿರುಗಿಸಿದ ಮೇಲೆಯೇ ತಿಳಿಯುವುದು. ಆ ಯಂತ್ರವು ಮಗು ಚುಚ್ಚಿದೊಡನೆ ಅಕ್ಷರವನ್ನು ನುಡಿದು ತಪ್ಪನ್ನು ಹೇಳುತ್ತಿತ್ತು. ಸಾಗರದಾಚೆಯಿಂದ ಬಂದವರು ಯಲಹಂಕದ ಮಕ್ಕಳ ಬೆರಳನ್ನು ನಂಬಿ ಯಂತ್ರ ಕಟ್ಟಿದರು. ಅದೇ ಯಲಹಂಕದ ಚಿಕ್ಕಬೊಮ್ಮಸಂದ್ರದ ಕಡೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅನ್ವಯಿಕ ಗಣಿತ ಕೇಂದ್ರವಿದೆ. ಯಶವಂತಪುರದ ಬಳಿ 1909ರಲ್ಲಿ ಸ್ಥಾಪಿತವಾದ, ಹಳೆಯ ಜನರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ವಿಜ್ಞಾನ ಸಂಸ್ಥೆಯಿದೆ. ಗಣಿತವೇ ಉಸಿರಾದ ಮನೆಗಳೂ ಗಣಿತದಿಂದ ‘ಬಿಡುಗಡೆ’ ಪಡೆಯಬಹುದಾದ ಮಕ್ಕಳೂ ಒಂದೇ ಬಸ್ಸಿನ ದಾರಿಯಲ್ಲಿ ಇದ್ದಾರೆ. ಹತ್ತನೆಯ ತರಗತಿಯ ಗಣಿತದ ಚಿತ್ರಗಳನ್ನೆಲ್ಲ ಬೆರಳಿಗೆ ತಕ್ಕಂತೆ ಸರಳಮಾಡಿ, ಒಂದು ಮೂಲಪ್ರತಿಯನ್ನು ಕನ್ನಡ ಬ್ರೈಲಿನ ಹೆಸರುಗಳೊಡನೆ ಸಿದ್ಧಪಡಿಸುವುದು ಇಂಥ ವಿದ್ವಾಂಸರಿಗೆ ಒಂದು ಬೇಸಗೆಯ ಕೆಲಸ.

ಸರ್ಕಾರವು ಮಾಡಬೇಕಾದದ್ದು ಇನ್ನೂ ಚಿಕ್ಕದು. ಗಣಿತವನ್ನು ಬಿಡುವ ಸ್ವಾತಂತ್ರ್ಯವನ್ನು ಯಾರಿಂದಲೂ ಕಿತ್ತುಕೊಳ್ಳಬೇಕಾಗಿಲ್ಲ. ಕಣ್ಣುಳ್ಳವರಲ್ಲಿಯೂ ಅದನ್ನು ಬಯಸುವವರು ಹೇರಳವಾಗಿದ್ದಾರೆ. ಆದರೆ ಕಲಿಯದೆ ಬಿಡುವುದಕ್ಕೂ ಕಲಿತು ಬಿಡುವುದಕ್ಕೂ ಅಂತರವಿದೆ. ಅಂಧ ವಿದ್ಯಾರ್ಥಿಯು ಗಣಿತಕ್ಕೆ ಬದಲಾಗಿ ಬೇರೆ ವಿಷಯವನ್ನು ಬೇಡುವ ಅರ್ಜಿಯಲ್ಲಿ ಒಂದು ಅಂಕಣವನ್ನು ಹೆಚ್ಚಿಸಬೇಕು: ಈ ಮಗುವಿಗೆ ನಕ್ಷೆಯ ಹಲಗೆಯನ್ನು ಯಾವ ತಾರೀಖಿನಲ್ಲಿ ಕೊಡಲಾಯಿತು, ಸ್ಪರ್ಶಚಿತ್ರಗಳುಳ್ಳ ಬ್ರೈಲ್ ಪುಸ್ತಕ ಯಾವಾಗ ಕೈಸೇರಿತು, ಅವನ್ನು ಬಳಸಿ ಎಷ್ಟು ತಿಂಗಳು ಪಾಠ ನಡೆಯಿತು. ಕೆಳಗೆ ಮುಖ್ಯೋಪಾಧ್ಯಾಯರ ರುಜು. ಆ ಅಂಕಣ ಖಾಲಿಯಿರುವ ಅರ್ಜಿಯನ್ನು ಪರೀಕ್ಷಾ ಮಂಡಳಿಯು ಶಾಲೆಗೆ ಹಿಂದಿರುಗಿಸತಕ್ಕದ್ದು. ಜೊತೆಯಲ್ಲಿ ಒಂದು ಹಲಗೆಯನ್ನೂ ಕಳುಹಿಸತಕ್ಕದ್ದು.